ಮಗುವಿನ ಮಾತು ತಡವಾದಾಗ ಎಲ್ಲಿಯವರೆಗೆ ಕಾಯಬೇಕು?

ಮಾತು ತಡವಾದ ಮಗುವಿರುವ ಮನೆಯಲ್ಲಿ ಹಿರಿಯರು ‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹೀಗೆಯೇ ಇದ್ದ’ ಎಂದು ಧೈರ್ಯ ಹೇಳುವುದುಂಟು. ತಾವಾಗಿಯೇ ಸರಿಹೋಗುವ ಮಕ್ಕಳು ಇರುವುದೂ ನಿಜ. ಆದರೆ ತಮ್ಮ ಮಗು ಅಂಥವರಲ್ಲಿ ಒಂದು ಹೌದೋ ಅಲ್ಲವೋ ಎಂಬುದನ್ನು ತಂದೆತಾಯಿ ಕೇವಲ ಕಾಯುವುದರಿಂದ ತಿಳಿಯಲಾರರು. ಪರೀಕ್ಷೆ ಮಾಡಿಸಿದ ಮಾತ್ರಕ್ಕೆ ಚಿಕಿತ್ಸೆ ಆರಂಭಿಸಲೇಬೇಕೆಂದಿಲ್ಲ. ಪರೀಕ್ಷೆಯಿಲ್ಲದೆ ಕಳೆದ ಒಂದು ವರ್ಷವಂತೂ ಮರಳಿ ಸಿಗುವುದಿಲ್ಲ.

ಎಷ್ಟು ಪದ ಬಂದಿವೆ ಎಂದು ಎಣಿಸುವ ಮೊದಲು, ಮಗುವಿಗೆ ಎಷ್ಟು ಅರ್ಥವಾಗುತ್ತಿದೆ ಮತ್ತು ಅದು ಹೇಗೆ ತಿಳಿಸುತ್ತಿದೆ ಎಂಬುದನ್ನು ಗಮನಿಸಬೇಕು. ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗದ, ಬೇಕಾದುದನ್ನು ಬೆರಳು ಮಾಡಿ ತೋರಿಸದ, ಟಾಟಾ ಮಾಡದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಒಂದೂವರೆ ವರ್ಷವಾದರೂ ಅರ್ಥವಿರುವ ಒಂದು ಪದವೂ ಬಾರದಿದ್ದರೆ, ಎರಡು ವರ್ಷಕ್ಕೆ ಸುಮಾರು 50 ಪದಗಳಾಗಲಿ ‘ಹಾಲು ಬೇಕು’, ‘ಅಮ್ಮ ಬಾ’ ಎಂಬಂತೆ ಪದ ಜೋಡಿಸುವುದಾಗಲಿ ಇಲ್ಲದಿದ್ದರೆ ವಾಕ್ ತಜ್ಞರನ್ನು ಕಾಣಬೇಕು. ಮೊಬೈಲಿನಲ್ಲಿ ಕೇಳಿದ ಶಿಶುಗೀತೆಯನ್ನು ಪೂರ್ತಿ ಹಾಡುವ ಮಗು ಬಾಯಾರಿದಾಗ ನೀರು ಕೇಳಲಾರದಿದ್ದರೆ, ಆ ಹಾಡನ್ನು ಮಾತಿನ ಲೆಕ್ಕಕ್ಕೆ ಸೇರಿಸಬಾರದು. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋದರೂ ಒಂದು ವಾರವೂ ಕಾಯದೆ ವೈದ್ಯರ ಬಳಿಗೆ ಹೋಗಬೇಕು.

ಉಚ್ಚಾರಣೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಸಲ್ಲುತ್ತದೆ. ಮೂರು ವರ್ಷದ ಮಗು ರೊಟ್ಟಿಯನ್ನು ‘ಲೊಟ್ಟಿ’ ಎಂದರೆ ಆತಂಕ ಬೇಡ, ಏಕೆಂದರೆ ರಕಾರ ತಡವಾಗಿಯೇ ಕೂಡುತ್ತದೆ. ಆದರೆ ಆ ವಯಸ್ಸಿನಲ್ಲಿ ಮಗುವಿನ ಮಾತಿನ ಬಹುಪಾಲು ಹೊರಗಿನವರಿಗೂ ತಿಳಿಯಬೇಕು. ನಾಲ್ಕು ವರ್ಷವಾದರೂ ತಾಯಿಯೇ ದುಭಾಷಿಯಾಗಬೇಕಾದರೆ ಪರೀಕ್ಷೆ ಅಗತ್ಯ. ಎರಡರಿಂದ ಐದು ವರ್ಷದೊಳಗೆ ಕಾಣಿಸುವ ತೊದಲು ಹಲವರಲ್ಲಿ ತಾನಾಗಿಯೇ ಹೋಗುತ್ತದೆ. ಅದು ಆರು ತಿಂಗಳು ಮೀರಿದರೆ, ಮನೆತನದಲ್ಲಿ ಉಗ್ಗು ಇದ್ದರೆ, ಅಥವಾ ಮಾತಾಡುವಾಗ ಮಗು ಕಣ್ಣು ಬಿಗಿದು ಕಷ್ಟಪಡುತ್ತಿದ್ದರೆ ತಡಮಾಡಬಾರದು.

ಮೊದಲು ಆಗಬೇಕಾದುದು ಶ್ರವಣ ಪರೀಕ್ಷೆ. ಕುಕ್ಕರಿನ ಸೀಟಿಗೆ ತಿರುಗುವ ಮಗುವಿಗೆ ಕಿವಿ ಚೆನ್ನಾಗಿಯೇ ಇದೆ ಎಂದು ಅನೇಕರು ನಂಬುತ್ತಾರೆ. ದೊಡ್ಡ ಸದ್ದು ಕೇಳಿಸುವ ಕಿವಿಗೂ ಸಕಾರ, ಶಕಾರದಂತಹ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯೊಳಗೆ ದ್ರವ ನಿಂತು ಕೇಳುವಿಕೆ ಕುಗ್ಗಿರಬಹುದು. ಹುಟ್ಟಿದಾಗ ಪರೀಕ್ಷೆಯಾಗಿ ಸರಿಯಿದ್ದರೂ ಮತ್ತೊಮ್ಮೆ ಮಾಡಿಸಿ. ಬಜೆ ತೇಯ್ದು ನಾಲಿಗೆಗೆ ನೆಕ್ಕಿಸಿ ಫಲ ಕಾಯುವ ರೂಢಿ ಈ ಕಾರಣಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಮನೆಯಲ್ಲಿ ತುಳು, ಹೊರಗೆ ಕನ್ನಡ, ಶಿಶುವಿಹಾರದಲ್ಲಿ ಇಂಗ್ಲಿಷ್ ಇರುವುದರಿಂದ ಮಾತು ತಡವಾಯಿತೆಂದು ಮನೆಭಾಷೆಯನ್ನು ಬಿಡಿಸುವವರಿದ್ದಾರೆ. ಇದು ತಪ್ಪು, ಮಗುವಿಗೆ ಅನ್ಯಾಯವೂ ಹೌದು: ಅಜ್ಜಿಯೊಡನೆ ಆಡುವ ಮಾತನ್ನೇ ಕಿತ್ತುಕೊಂಡರೆ ಕೇಳುವುದಕ್ಕೂ ಹೇಳುವುದಕ್ಕೂ ಇರುವ ಅವಕಾಶ ಇನ್ನಷ್ಟು ಕುಗ್ಗುತ್ತದೆ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳನ್ನೂ ಕೂಡಿಸಿ ಎಣಿಸಬೇಕು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಮತ್ತು ವಾಕ್ ಪರೀಕ್ಷೆಗಳೆರಡೂ ಒಂದೇ ಆವರಣದಲ್ಲಿ ಆಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ವಿಭಾಗವಿದೆ. ದೂರದವರು ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿ, ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸಿಕೊಡುವಂತೆ ಕೇಳಬಹುದು. ಖಾಸಗಿ ಚಿಕಿತ್ಸಾಲಯವಾದರೆ ತಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಲು ಸಂಕೋಚ ಬೇಡ.

ಹೋಗುವ ಮುನ್ನ ಮಗು ತಾನಾಗಿ ಹೇಳುವ ಪದಗಳನ್ನು ಒಂದು ವಾರ ಬರೆದಿಟ್ಟುಕೊಳ್ಳಿ; ಹೊಸ ಜಾಗದಲ್ಲಿ ಮಗು ಮೌನವಾಗುವ ಸಂಭವವಿರುವುದರಿಂದ ಮನೆಯಲ್ಲಿ ಆಡುವಾಗಿನ ಒಂದೆರಡು ವಿಡಿಯೊಗಳೂ ಜೊತೆಗಿರಲಿ. ತಜ್ಞರು ‘ಸದ್ಯಕ್ಕೆ ಕಾಯೋಣ’ ಎಂದರೆ, ಎಷ್ಟು ತಿಂಗಳು ಕಾಯಬೇಕು, ಅಷ್ಟರಲ್ಲಿ ಯಾವ ಬದಲಾವಣೆ ಕಾಣಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು, ಮುಂದಿನ ಭೇಟಿಯ ದಿನಾಂಕವನ್ನು ಅಂದೇ ನಿಗದಿ ಮಾಡಿಸಿಕೊಂಡು ಬನ್ನಿ.