ಎರಡು ಅಳತೆಗಳಿಂದ ವೈರಿನ ದೋಷ ಕಂಡುಕೊಂಡ ಬಗೆ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ವೈರಿಂಗ್ ಕೆಲಸ ಮಾಡುವ ನನಗೆ ಮೇಲಿಂದ ಮೇಲೆ ಬರುವ ದೂರೆಂದರೆ ಇಸ್ತ್ರಿ ಪೆಟ್ಟಿಗೆಗಳು ಸಾಕಷ್ಟು ಕಾಯುವುದಿಲ್ಲ ಎಂಬುದು. ಪೆಟ್ಟಿಗೆ ಬದಲಿಸುವ ಮೊದಲು, ಲೋಡ್ ಇರುವಾಗಲೇ, ಅಂದರೆ ಪೆಟ್ಟಿಗೆಗಳು ಕರೆಂಟ್ ಎಳೆಯುತ್ತಿರುವಾಗಲೇ, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆಯಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿನ ಹರಿವಿಗೆ ಇರುವ ತಡೆ, ಓಮ್‌ಗಳಲ್ಲಿ ಸಿಗುತ್ತದೆ. ಪೆಟ್ಟಿಗೆಯೊಳಗೆ ಕಾಯುವ ಕಾಯಿಲ್‌ನಂಥ ಲೋಡ್‌ನಲ್ಲಿ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ಗುಣಿಸಿದರೆ ಪವರ್ ವ್ಯಾಟ್‌ಗಳಲ್ಲಿ ಸಿಗುತ್ತದೆ.

ಒಂದು ಘಟಕದಲ್ಲಿ 1000 ವ್ಯಾಟ್‌ನ ನಾಲ್ಕು ಪೆಟ್ಟಿಗೆಗಳು ಒಂದೇ ಲೈನಿನಲ್ಲಿದ್ದವು. ಪ್ಲೇಟಿನ ಮೇಲಿನ 1000 ವ್ಯಾಟ್ ಎಂಬುದು 230 ವೋಲ್ಟ್‌ಗೆ ಹೇಳಿದ ಮಾತು. ಅದರಂತೆ ಒಂದು ಕಾಯಿಲ್‌ನ ರೋಧ ಸುಮಾರು 52.9 ಓಮ್. ಥರ್ಮೋಸ್ಟಾಟ್ ಆಗಾಗ ಸಂಪರ್ಕ ಕಡಿಯುವುದರಿಂದ, ನಾಲ್ಕೂ ಪೆಟ್ಟಿಗೆಗಳ ದೀಪ ಉರಿಯುತ್ತಿರುವ ಹೊತ್ತು ನೋಡಿಕೊಂಡು, ಕ್ಲ್ಯಾಂಪ್ ಮೀಟರನ್ನು ಒಂದೇ ವೈರಿನ ಸುತ್ತ ಹಾಕಿದೆ. ಲೈನ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಅಳಿಸಿ ಮೀಟರ್ ಸೊನ್ನೆ ತೋರಿಸುತ್ತದೆ. ಕರೆಂಟ್ 16 ಆಂಪಿಯರ್ ಇತ್ತು. ಮೀಟರ್ ಬೋರ್ಡಿನಲ್ಲಿ 228 ವೋಲ್ಟ್, ಇಸ್ತ್ರಿ ಮೇಜಿನ ಸಾಕೆಟ್ಟಿನಲ್ಲಿ 212 ವೋಲ್ಟ್ ಇತ್ತು.

ಮೇಜಿನ ಬಳಿ ಪ್ರತಿ ಪೆಟ್ಟಿಗೆಯ ಪಾಲಿಗೆ 4 ಆಂಪಿಯರ್. 212ನ್ನು 4ರಿಂದ ಭಾಗಿಸಿದರೆ 53 ಓಮ್. ಅಂದರೆ ಕಾಯಿಲ್‌ಗಳು ನಿರ್ದೋಷಿಗಳು. ಆದರೆ ಪವರ್ 848 ವ್ಯಾಟ್‌ಗೆ ಇಳಿದಿತ್ತು, ಏಕೆಂದರೆ ರೋಧ ಹಾಗೆಯೇ ಇದ್ದಾಗ ಪವರ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ. ದಾರಿಯಲ್ಲಿ ಕಳೆದುಹೋದ 16 ವೋಲ್ಟನ್ನು 16 ಆಂಪಿಯರ್‌ನಿಂದ ಭಾಗಿಸಿದಾಗ ವೈರಿನ ರೋಧ 1 ಓಮ್ ಎಂದು ತಿಳಿಯಿತು. ಗುಣಿಸಿದಾಗ 256 ವ್ಯಾಟ್ ಗೋಡೆಯೊಳಗಿನ ಪೈಪಿನಲ್ಲೇ ಶಾಖವಾಗುತ್ತಿದೆ ಎಂದು ತಿಳಿಯಿತು. 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಬೋರ್ಡಿನಿಂದ 36 ಮೀಟರ್ ದೂರ ಸಾಗಿತ್ತು. ಹೋಗುವ ಬರುವ ಉದ್ದ ಸೇರಿ 72 ಮೀಟರ್ ಆಗುವುದರಿಂದ ಲೆಕ್ಕ ಸರಿಯಾಗಿ ಕೂಡುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ದಾಟಿದ ದಿನ, ಅಂಥ ವೈರಿನ ಮೇಲೆ ಇಡೀ ದಿನ ಈ ಹೊರೆ ಹೇರುವುದನ್ನು ನಾನು ಒಪ್ಪಲಾರೆ. 4 ಚದರ ಮಿಲಿಮೀಟರ್‌ನ ವೈರ್ ಎಳೆದ ಮೇಲೆ ಮೇಜಿನಲ್ಲಿ 222 ವೋಲ್ಟ್ ಬಂದಿತು. ಪೆಟ್ಟಿಗೆಯೊಂದಕ್ಕೆ ಸುಮಾರು 930 ವ್ಯಾಟ್ ಸಿಕ್ಕಿತು.

ಲೋಡ್ ಇಲ್ಲದಾಗ ಎರಡೂ ಕಡೆ 230 ವೋಲ್ಟ್ ಇರುತ್ತದೆ ಎಂಬುದನ್ನು ನಮ್ಮ ಹುಡುಗರಿಗೆ ನಾನು ಬಿಡದೆ ಹೇಳುತ್ತೇನೆ, ಏಕೆಂದರೆ ಹರಿವಿಲ್ಲದಿದ್ದರೆ ಕುಸಿತವೂ ಕಾಣದು.

ಹೊಲಿಗೆ ಯಂತ್ರದ ಮೋಟರಿಗೆ ಮಾತ್ರ ಈ ನೇರ ಗುಣಾಕಾರ ಸಲ್ಲದು. 228 ವೋಲ್ಟ್, 2.9 ಆಂಪಿಯರ್ ಗುಣಿಸಿದರೆ 661 ಬರುತ್ತದೆ. ಅದು ವೋಲ್ಟ್‌ಆಂಪಿಯರ್, ವ್ಯಾಟ್ ಅಲ್ಲ. ಆ ಒಂದು ಯಂತ್ರವನ್ನಷ್ಟೇ ಓಡಿಸಿ, ಯೂನಿಟ್ಟಿಗೆ 3200 ಸಲ ಮಿನುಗುವ ವಿದ್ಯುತ್ ಮೀಟರಿನ ದೀಪವನ್ನು ಒಂದು ನಿಮಿಷ ಎಣಿಸಿದಾಗ 25 ಮಿನುಗು ಸಿಕ್ಕವು. ಅದರ ಪ್ರಕಾರ ನಿಜವಾದ ಪವರ್ ಸುಮಾರು 469 ವ್ಯಾಟ್, ಪವರ್ ಫ್ಯಾಕ್ಟರ್, ಅಂದರೆ ನಿಜವಾದ ಪವರನ್ನು ಆ ವೋಲ್ಟ್‌ಆಂಪಿಯರ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆ, 0.71.