ದೊಡ್ಡ ಕ್ರೇನ್‌ಗಳ ಜಾಡು ಹಿಡಿಯುವುದು ಹೇಗೆ: ಗುರುತು, ದಾಖಲೆ, ಮಾಲೀಕತ್ವ

ಕ್ರೇನಿನ ಬೂಮ್ ಮೇಲೆ, ಅಂದರೆ ಉದ್ದ ತೋಳಿನ ಮೇಲೆ, ದೊಡ್ಡಕ್ಷರದಲ್ಲಿ ಬರೆದ ಹೆಸರನ್ನೇ ಮಾಲೀಕರ ಹೆಸರೆಂದು ಬರೆದುಕೊಂಡರೆ ದಾಖಲೆ ಮೊದಲ ದಿನವೇ ದಾರಿ ತಪ್ಪುತ್ತದೆ. ಆ ಹೆಸರು ಈಗಿನ ಮಾಲೀಕರದ್ದೇ ಇರಬಹುದು. ವರ್ಷಗಳ ಹಿಂದೆ ಮಾರಿಬಿಟ್ಟವರದ್ದೂ ಇರಬಹುದು, ಬಾಡಿಗೆಗೆ ತಂದವರು ಅಂಟಿಸಿದ ಸ್ಟಿಕ್ಕರೂ ಇರಬಹುದು. ಇದು ಯಾವ ಕ್ರೇನ್ ಎಂದು ಗುರುತಿಸುವುದು ಒಂದು ಕೆಲಸ, ಯಾರದ್ದು ಎಂದು ಹೇಳುವುದು ಬೇರೆಯೇ ಕೆಲಸ. ಎರಡಕ್ಕೂ ಬೇರೆ ಕಾಲಂ ಇಡಿ, ಬೇರೆ ಸಾಕ್ಷ್ಯ ಕೇಳಿ. ಮುಂದೆ ಹೇಳುವುದೆಲ್ಲ ಈ ಒಂದು ನಿಯಮದ ವಿವರ.

ಎಲ್ಲಿ, ಯಾವಾಗ ನೋಡಬೇಕು

ದೊಡ್ಡ ಕ್ರೇನ್‌ಗಳನ್ನು ಹುಡುಕಿ ದಾಖಲಿಸುವ ಈ ಹವ್ಯಾಸವನ್ನು ಕರ್ನಾಟಕದಲ್ಲಿ ಶುರು ಮಾಡಲು ಗಾಳಿ ವಿದ್ಯುತ್ ಸೀಮೆಗಿಂತ ಒಳ್ಳೆಯ ಜಾಗವಿಲ್ಲ: ಚಿತ್ರದುರ್ಗ, ಗದಗ, ಕೊಪ್ಪಳ, ಬಳ್ಳಾರಿ, ವಿಜಯಪುರ. ನೂರು ಮೀಟರ್ ದಾಟಿದ ಗೋಪುರದ ತುದಿಗೆ ನಸೆಲ್ (ರೆಕ್ಕೆಗಳ ಹಿಂದಿನ ಯಂತ್ರದ ಪೆಟ್ಟಿಗೆ) ಕೂರಿಸಬೇಕಾದರೆ 500–800 ಟನ್ ವರ್ಗದ ಯಂತ್ರ ಬೇಕು. ಅಂಥದ್ದು ಒಂದು ಕಡೆ ಬಂದರೆ ವಾರಗಟ್ಟಲೆ ಅಲ್ಲೇ ಇರುತ್ತದೆ, ನಿಧಾನವಾಗಿ ನೋಡಬಹುದು. ಬೆಂಗಳೂರಿನ ಮೆಟ್ರೊ ಕೆಲಸದ ಟೈರ್ ಕ್ರೇನ್‌ಗಳು ಹಾಗಲ್ಲ. ರಾತ್ರಿ ಬಂದು, ಗರ್ಡರ್ ಎತ್ತಿಟ್ಟು, ಬೆಳಗಾಗುವುದರೊಳಗೆ ಹೋಗಿರುತ್ತವೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಲ್ಲಿ ದೊಡ್ಡ ಚೈನ್ ಕ್ರೇನ್‌ಗಳಿದ್ದರೂ (ಟೈರ್ ಬದಲು ಚೈನ್ ಪಟ್ಟಿಯ ಮೇಲೆ ಚಲಿಸುವ ಕ್ರಾಲರ್ ಕ್ರೇನ್‌ಗಳು) ಕಾಂಪೌಂಡಿನ ಹೊರಗಿನಿಂದ ಕಾಣುವುದು ಜಿಬ್‌ನ, ಅಂದರೆ ಬೂಮ್ ತುದಿಗೆ ಜೋಡಿಸುವ ಹೆಚ್ಚುವರಿ ತೋಳಿನ, ತುದಿ ಮಾತ್ರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಜೋರು, ಮಳೆಯೂ ಇರುತ್ತದೆ. ಗದಗ ಕಡೆಯ ಎರೆ ಹೊಲಗಳಲ್ಲಿ ಮೊರಂ ಹಾಕಿ ಗಟ್ಟಿ ಮಾಡಿದ ದಾರಿಯೂ ನೆನೆದರೆ ನೂರಾರು ಟನ್ ಭಾರ ತಾಳುವುದಿಲ್ಲ. ಆಗ ಕ್ರೇನ್‌ಗಳು ಬೂಮ್ ನೆಲಕ್ಕಿಳಿಸಿ ಸುಮ್ಮನೆ ನಿಂತಿರುತ್ತವೆ. ಬೂಮ್‌ನ ತುಂಡುಗಳನ್ನು ಎಣಿಸಲು, ನಂಬರ್ ಓದಲು ಇದೇ ಸುಗ್ಗಿ ಕಾಲ. ಬೇಸಿಗೆಯಲ್ಲಿ ಎತ್ತುವ ಕೆಲಸ ಗಾಳಿ ಇಳಿಯುವುದನ್ನು ಕಾದು ನಡೆಯುತ್ತದೆ. ಸೆಕೆಂಡಿಗೆ ಸುಮಾರು 9–10 ಮೀಟರ್ ದಾಟಿದರೆ ರೆಕ್ಕೆ ಎತ್ತುವುದನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

ಜಾಗ ಹುಡುಕಲು ಊರಿನವರನ್ನು ಕೇಳುವುದೇ ಸರಿ. ‘ಕ್ರಾಲರ್ ಕ್ರೇನ್ ಎಲ್ಲಿದೆ’ ಎಂದರೆ ರಸ್ತೆ ಪಕ್ಕದ ಸಣ್ಣ ಹೈಡ್ರಾ ಕ್ರೇನ್ ತೋರಿಸಿಯಾರು. ‘ಅಣ್ಣಾರ, ಫ್ಯಾನ್ ಕುಂದರಸೋ ದೊಡ್ಡ ಕ್ರೇನ್ ಈಗ ಯಾವ ಹೊಲದಾಗೈತ್ರಿ?’ ಎಂದು ಕೇಳಿ, ಸರಿಯಾದ ದಾರಿಗೇ ಕಳಿಸುತ್ತಾರೆ.

ಮಾದರಿ ಸಂಖ್ಯೆ ಓದುವುದು

ಲೀಬೆರ್ ಕಂಪನಿಯ ದೊಡ್ಡ ಮೊಬೈಲ್ ಕ್ರೇನ್‌ಗಳು ಜರ್ಮನಿಯ ಏಹಿಂಗನ್ ಕಾರ್ಖಾನೆಯಿಂದ ಬರುತ್ತವೆ. ಎಲ್‌ಟಿಎಂ ಎಂದರೆ ಟೈರ್ ಮೇಲಿನ ಟೆಲಿಸ್ಕೋಪಿಕ್ (ಬೂಮ್‌ನ ಭಾಗಗಳು ಒಂದರೊಳಗೊಂದು ಸರಿಯುವ) ಕ್ರೇನ್, ಎಲ್‌ಆರ್ ಎಂದರೆ ಚೈನ್ ಕ್ರೇನ್. ಸಂಖ್ಯೆಯ ಮೊದಲ 1 ಸಾಮರ್ಥ್ಯಕ್ಕೆ ಸೇರಿದ್ದಲ್ಲ. ಎಲ್‌ಟಿಎಂ 1500-8.1 ಎಂದರೆ 500 ಟನ್, 8 ಆಕ್ಸಲ್, ಮೊದಲ ಆವೃತ್ತಿ. ಎಲ್‌ಟಿಎಂ 11200-9.1 ನೋಡಿ ಹನ್ನೊಂದು ಸಾವಿರ ಎಂದು ಗಾಬರಿಯಾಗುವವರಿದ್ದಾರೆ. ಅದು 1200 ಟನ್, 9 ಆಕ್ಸಲ್. ಎಲ್‌ಆರ್ 1600/2 ಎಂದರೆ 600 ಟನ್ನಿನ ಚೈನ್ ಕ್ರೇನ್, ಎರಡನೇ ಆವೃತ್ತಿ.

ಗ್ರೋವ್‌ನ ಜಿಎಂಕೆ ಸಾಲಿನಲ್ಲಿ ಮೊದಲ ಅಂಕಿಯೇ ಆಕ್ಸಲ್ ಸಂಖ್ಯೆ: ಜಿಎಂಕೆ 6300ಎಲ್ ಎಂದರೆ 6 ಆಕ್ಸಲ್, 300 ಟನ್, ಉದ್ದ ಬೂಮ್. ಚೀನಾದ ಯಂತ್ರಗಳಲ್ಲಿ ಎರಡು ಪದ್ಧತಿ ಇರುವುದರಿಂದ ಎಡವುವುದು ಸುಲಭ. ಸ್ಯಾನಿಯ ಎಸ್‌ಸಿಸಿ 2500 ಎಂದರೆ 250 ಟನ್, ಕೊನೆಯ ಸೊನ್ನೆ ತೆಗೆದು ಓದಬೇಕು. ಜಪಾನಿನ ಕೊಬೆಲ್ಕೊ ಸಿಕೆಇ 2500 ಕೂಡ ಹಾಗೆಯೇ. ಆದರೆ ಚೀನಾದ್ದೇ ಕ್ಯೂವೈ 25 ಎಂದರೆ ಸೀದಾ 25 ಟನ್.

ಸ್ಟಿಕ್ಕರ್ ಇಲ್ಲದಿದ್ದರೆ ಮೊದಲು ಆಕ್ಸಲ್ ಎಣಿಸಿ. 250 ಟನ್ನಿನ ಎಲ್‌ಟಿಎಂ 1250 ಎರಡು ರೂಪದಲ್ಲಿದೆ: 6.1ರಲ್ಲಿ ಆರು ಆಕ್ಸಲ್, 5.1ರಲ್ಲಿ ಐದು. ಬರೀ ‘1250’ ಎಂದು ಬರೆದ ದಾಖಲೆಯಿಂದ ಉಪಯೋಗವಿಲ್ಲ. ಎಂಟು ಆಕ್ಸಲ್, 500 ಟನ್ ಎಂದಷ್ಟೇ ಬರೆದರೂ ಸಾಲದು, ಲೀಬೆರ್ ಎಲ್‌ಟಿಎಂ 1500-8.1ಗೂ ಡೆಮಾಗ್ ಎಸಿ 500-2ಗೂ ಅದು ಒಪ್ಪುತ್ತದೆ.

ಡೆಮಾಗ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆ ಕ್ರೇನ್ ವಿಭಾಗವನ್ನು 2002ರಲ್ಲಿ ಟೆರೆಕ್ಸ್ ಕೊಂಡಿತು, 2019ರಲ್ಲಿ ಅದು ಟಡಾನೊ ಪಾಲಾಯಿತು. ಹಾಗಾಗಿ ಡೆಮಾಗ್, ಟೆರೆಕ್ಸ್-ಡೆಮಾಗ್, ಬರೀ ಟೆರೆಕ್ಸ್ ಎಂಬ ಮೂರು ಹೆಸರಿನಲ್ಲಿ ಒಂದೇ ಮಾದರಿ ಕಾಣುತ್ತದೆ. ಅವು ಬೇರೆ ಬೇರೆ ಮಾದರಿಗಳಲ್ಲ. ತಯಾರಕರ ಕಾಲಂನಲ್ಲಿ ಯಂತ್ರದ ಮೇಲೆ ಏನಿದೆಯೋ ಅದನ್ನೇ ಬರೆದು, ಪಕ್ಕದಲ್ಲಿ ‘ಡೆಮಾಗ್ ಸಾಲು’ ಎಂದು ಸೇರಿಸಿ.

ಹತ್ತಿರದಿಂದ ನೋಡುವುದು

ಗಟ್ಟಿ ಗುರುತು ಒಂದೇ, ತಯಾರಕರ ಸೀರಿಯಲ್ ನಂಬರ್. ಚೈನ್ ಕ್ರೇನ್‌ನಲ್ಲಿ ಅದು ತಿರುಗುವ ಮೇಲ್ಭಾಗಕ್ಕೆ, ಅಂದರೆ ಆಪರೇಟರ್ ಕ್ಯಾಬಿನ್ ಇರುವ ಭಾಗಕ್ಕೆ, ಬಡಿದ ಲೋಹದ ಫಲಕದಲ್ಲಿ ಇರುತ್ತದೆ. ಕ್ರೇನ್ ಅಂದರೆ ಆ ಮೇಲ್ಭಾಗವೇ. ಬೂಮ್ ತುಂಡು, ಜಿಬ್, ಕೌಂಟರ್‌ವೇಟ್ (ಕ್ರೇನ್ ಮಗುಚದಂತೆ ಹಿಂದೆ ಇಡುವ ತೂಕ) ಒಂದು ಕ್ರೇನಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಕೌಂಟರ್‌ವೇಟ್‌ನ ಹಲಗೆಗಳನ್ನೇ ನೋಡಿ, ಒಂದರ ಮೇಲೊಂದು ಪೇರಿಸಿದ ಹತ್ತರಲ್ಲಿ ಏಳಕ್ಕೆ ಒಂದು ಫ್ಲೀಟ್ ನಂಬರ್ (ಮಾಲೀಕರು ತಮ್ಮ ಕ್ರೇನ್‌ಗಳಿಗೆ ತಾವೇ ಕೊಡುವ ಸಂಖ್ಯೆ), ಮೂರಕ್ಕೆ ಬೇರೆ ನಂಬರ್, ಬಣ್ಣದಲ್ಲೂ ಒಂದು ಛಾಯೆ ವ್ಯತ್ಯಾಸ. ಆ ಮೂರು ಅದೇ ಮಾಲೀಕರ ಇನ್ನೊಂದು ಕ್ರೇನಿನಿಂದ ಬಂದಿವೆ, ಇಲ್ಲವೇ ಎರವಲು. ಹಾಗಾಗಿ ಹಲಗೆಯ ಮೇಲಿನ ನಂಬರ್ ನೋಡಿ ಕ್ರೇನಿಗೆ ಹೆಸರಿಡಬೇಡಿ. ಆದರೆ ಆ ಎರಡನೇ ನಂಬರನ್ನು ಟಿಪ್ಪಣಿಯಲ್ಲಿ ಬರೆದಿಡಿ. ಅವರ ಬಳಿ ಅದೇ ವರ್ಗದ ಇನ್ನೊಂದು ಯಂತ್ರ ಇರಬಹುದೆಂಬ ಸುಳಿವು ಅದು.

ಯುರೋಪ್, ಕೊಲ್ಲಿ ರಾಷ್ಟ್ರಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಕ್ರೇನ್‌ಗಳಲ್ಲಿ ಹಳೆಯ ಹೆಸರಿನ ನೆರಳು ಉಳಿದಿರುತ್ತದೆ. ಬೆಳಗಿನ ಓರೆ ಬಿಸಿಲು ಬೀಳುವ ಕಡೆ ನಿಂತು, ಟೆಲಿಸ್ಕೋಪಿಕ್ ಬೂಮ್‌ನ ಬುಡದ ಭಾಗವನ್ನು ಎದುರಿನಿಂದಲ್ಲದೆ ಪಕ್ಕದಿಂದ, ಉದ್ದಕ್ಕೂ ಕಣ್ಣು ಹಾಯಿಸಿ. ಹೊಸ ಬಣ್ಣದಡಿ ಹಳೆಯ ಅಕ್ಷರಗಳ ಅಂಚು ಉಗುರಿಗೆ ತಾಗುವಷ್ಟು ಮಾತ್ರ ಎದ್ದಿರುತ್ತದೆ. ಸ್ಟಿಕ್ಕರ್ ಕಿತ್ತಿದ್ದರೆ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಅಕ್ಷರವಿದ್ದ ಜಾಗ ಮಾತ್ರ ಗಾಢವಾಗಿ ನಿಂತಿರುತ್ತದೆ. ನಡು ಮಧ್ಯಾಹ್ನ ಇದೇನೂ ಕಾಣುವುದಿಲ್ಲ. ಫೋಟೊದಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಅರ್ಧ ಓದಿದ್ದು ಪೂರ್ತಿಯಾಗುವುದುಂಟು. ಹಳೆಯ ಹೆಸರು ಸಿಕ್ಕರೆ ಅದನ್ನು ‘ಹಿಂದಿನ ಗುರುತು’ ಎಂಬ ಕಾಲಂಗೆ ಹಾಕಿ.

ಫಲಕದ ಹತ್ತಿರ ಹೋಗಲು ಸೈಟ್ ಇನ್‌ಚಾರ್ಜ್ ಒಪ್ಪಿಗೆ ಬೇಕೇಬೇಕು. ಕೆಲಸ ನಡೆಯುವಾಗ ಕೇಳಬೇಡಿ, ಊಟದ ಹೊತ್ತಿನಲ್ಲಿ ಕೇಳಿ. ‘ಸರ್, ಸೀರಿಯಲ್ ನಂಬರ್ ಪ್ಲೇಟ್ ಒಂದು ಫೋಟೊ ತಗೋಬಹುದಾ’ ಎಂದರೆ ಒಪ್ಪುವವರೂ ಇದ್ದಾರೆ. ಬೇಡ ಎಂದರೆ ಅಲ್ಲಿಗೆ ಬಿಡಿ. ಒಪ್ಪಿಗೆಯಿಲ್ಲದೆ ನಿಲ್ಲಬೇಕಾದ ದೂರ ಬೂಮ್ ಮತ್ತು ಜಿಬ್ ಸೇರಿದ ಉದ್ದದ ಒಂದೂವರೆ ಪಟ್ಟು. 140 ಮೀಟರ್ ಇದ್ದರೆ 210 ಮೀಟರ್. ಡ್ರೋನ್ ಬೇಡವೇ ಬೇಡ: ಹುಕ್ಕಿನಲ್ಲಿ ರೆಕ್ಕೆ ತೂಗುತ್ತಿರುವಾಗ ಆಪರೇಟರ್‌ನ ಕಣ್ಣು ಅರೆಕ್ಷಣ ಅತ್ತ ಹೋದರೂ ಅನಾಹುತ. ಕೈಗಾ ಅಣುಸ್ಥಾವರ, ಬಂದರು, ರಕ್ಷಣಾ ನೆಲೆಗಳ ಹತ್ತಿರ ಕ್ಯಾಮೆರಾ ಹೊರಗೆ ತೆಗೆಯಲೇಬಾರದು, ಕಾನೂನಿನ ತೊಂದರೆಗೆ ಸಿಕ್ಕಿಬೀಳುತ್ತೀರಿ.

ಬೂಮ್‌ನ ಉದ್ದ ಅಳೆಯಲು ಟೇಪ್ ಬೇಡ. ಜಾಲರಿ ಬೂಮ್‌ನ ತುಂಡುಗಳು ಸಾಮಾನ್ಯವಾಗಿ 6 ಅಥವಾ 12 ಮೀಟರ್ ಇರುತ್ತವೆ. ಕೀಲು ಸೇರುವ ಪಿನ್ನುಗಳಿರುವ ಕಡೆ ಎಣಿಸಿಕೊಂಡು ಹೋಗಿ, ಬುಡದ ತುಂಡು ಮತ್ತು ತಲೆಯ ತುಂಡನ್ನು ಬೇರೆಯಾಗಿ ಸೇರಿಸಿ. ಕ್ರೇನ್ ಹಿಂದೆ ಡೆರಿಕ್ ಕಂಬ (ಬೂಮ್‌ಗೆ ಹಿಂದಿನಿಂದ ಆಸರೆ ಕೊಡುವ ಎರಡನೇ ಕಂಬ) ಇದೆಯೇ, ಅದರಿಂದ ತೂಗುವ ಹೆಚ್ಚುವರಿ ತೂಕ ಇದೆಯೇ ಎಂಬುದನ್ನೂ ಬರೆಯಿರಿ. ಒಂದೇ ಕ್ರೇನ್ ಡೆರಿಕ್‌ನೊಂದಿಗೆ ಮತ್ತು ಅದಿಲ್ಲದೆ ನೋಡಲು ಎಷ್ಟು ಬೇರೆಯಾಗಿರುತ್ತದೆಂದರೆ, ಎರಡು ಕ್ರೇನ್ ಎಂದು ದಾಖಲಾಗಿಬಿಡುತ್ತದೆ.

ನಂಬರ್ ಪ್ಲೇಟ್ ಹೇಳುವುದು, ಹೇಳದಿರುವುದು

ಚೈನ್ ಕ್ರೇನ್ ರಸ್ತೆ ಮೇಲೆ ತಾನೇ ಓಡುವುದಿಲ್ಲ, ಬಿಚ್ಚಿ ಟ್ರೈಲರ್‌ಗಳ ಮೇಲೆ ಸಾಗಿಸುತ್ತಾರೆ. ಹಾಗಾಗಿ ಅದರ ಮೇಲೆ ನಂಬರ್ ಪ್ಲೇಟ್ ಹುಡುಕಿ ಪ್ರಯೋಜನವಿಲ್ಲ. ಟ್ರೈಲರಿನ ನಂಬರನ್ನು ಕ್ರೇನಿನದೆಂದು ಬರೆದುಕೊಳ್ಳುವುದು ಹೊಸಬರು ಮಾಡುವ ದೊಡ್ಡ ತಪ್ಪು. ಸಾಗಣೆ ಕಂಪನಿಯೇ ಬೇರೆ, ಕ್ರೇನ್ ಮಾಲೀಕರೇ ಬೇರೆ.

ಟೈರ್ ಕ್ರೇನಿಗೆ ನೋಂದಣಿ ಇರುತ್ತದೆ. ಕೆಎ-16 ಚಿತ್ರದುರ್ಗ, ಕೆಎ-26 ಗದಗ, ಎಂಎಚ್-12 ಪುಣೆ, ಜಿಜೆ-12 ಕಛ್. ಇವು ನೋಂದಣಿಯಾದ ಆರ್‌ಟಿಒ ಕಚೇರಿ ಹೇಳುತ್ತವೆ, ಮಾಲೀಕರ ಊರು ಹೇಳುವುದಿಲ್ಲ. ಹೆದ್ದಾರಿಯಲ್ಲಿ ಕಾಣುವ ಎಷ್ಟೋ ಭಾರಿ ಟ್ರೈಲರ್‌ಗಳ ಮೇಲೆ ಎನ್‌ಎಲ್-01 ಇರುತ್ತದೆ, ಅವುಗಳ ಮಾಲೀಕರೆಲ್ಲ ನಾಗಾಲ್ಯಾಂಡಿನವರಲ್ಲ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಾಹನದ ವರ್ಗ, ನೋಂದಣಿ ದಿನಾಂಕ, ಫಿಟ್‌ನೆಸ್ ಅವಧಿಯಂಥ ವಿವರ ಸಿಗುತ್ತದೆ. ಮಾಲೀಕರ ಹೆಸರು ನಡುನಡುವೆ ನಕ್ಷತ್ರ ಚಿಹ್ನೆಗಳಿಂದ ಮುಚ್ಚಿರುತ್ತದೆ. ಮುಚ್ಚಿದ್ದನ್ನು ಊಹಿಸಿ ಪೂರ್ತಿ ಮಾಡಬೇಡಿ. ನೋಂದಣಿ ದಿನಾಂಕವನ್ನು ತಯಾರಾದ ವರ್ಷ ಎಂದುಕೊಳ್ಳುವುದೂ ತಪ್ಪು: ಹೊರದೇಶದಲ್ಲಿ ಹತ್ತು ವರ್ಷ ದುಡಿದು ಬಂದ ಕ್ರೇನಿಗೂ ಇಲ್ಲಿ ಹೊಸ ದಿನಾಂಕವೇ ಬೀಳುತ್ತದೆ. ಚಾಸಿ ನಂಬರ್ ಕಣ್ಣಿಗೆ ಬಿದ್ದರೆ ಮೊದಲ ಅಕ್ಷರ ನೋಡಿ: ಡಬ್ಲ್ಯೂ ಜರ್ಮನಿ, ಜೆ ಜಪಾನ್, ಎಲ್ ಚೀನಾ.

ಮಾಲೀಕರು ಯಾರು

ದೊಡ್ಡ ಕಂಪನಿಗಳ ವಿಷಯದಲ್ಲಿ ಕಾಗದವೇ ಸಾಕ್ಷಿ. ಪುಣೆಯ ಸಾಂಘ್ವಿ ಮೂವರ್ಸ್ ಷೇರು ಮಾರುಕಟ್ಟೆಯಲ್ಲಿರುವ ಕಂಪನಿ, ವಾರ್ಷಿಕ ವರದಿಯಲ್ಲಿ ಕ್ರೇನ್ ಬಳಗದ ವಿವರ ಕೊಡುತ್ತದೆ. ಷೇರುಪೇಟೆಯಲ್ಲಿ ಇಲ್ಲದ ಖಾಸಗಿ ಕಂಪನಿಗಳಿಗೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ ನೋಡಿ. ಕಂಪನಿ ಯಾವ ಬ್ಯಾಂಕಿಗೆ ಆಸ್ತಿ ಅಡ ಇಟ್ಟಿದೆ ಎಂಬ ಪಟ್ಟಿ ಅಲ್ಲಿದೆ. ಶುಲ್ಕ ಕಟ್ಟಿ ತೆರೆಯುವ ಸಾಲದ ದಾಖಲೆಗಳಲ್ಲಿ ಯಂತ್ರದ ಮಾದರಿ, ಸೀರಿಯಲ್ ನಂಬರ್ ಸಮೇತ ಇರುವುದುಂಟು. ನಿಮ್ಮ ಫೋಟೊದ ಫಲಕಕ್ಕೂ ಆ ಪುಟಕ್ಕೂ ತಾಳೆಯಾದರೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ. ಆಗಲೂ ದಾಖಲೆಯ ದಿನಾಂಕ ಬರೆಯಿರಿ, ಅದು ಆ ದಿನದ ಮಾಲೀಕತ್ವ ಮಾತ್ರ.

ಕಂಪನಿಗಳನ್ನು ಒಂದಕ್ಕೊಂದು ಹೋಲಿಸುವಾಗ ಕ್ರೇನ್‌ಗಳ ತಲೆ ಎಣಿಸಬೇಡಿ. ಜಗತ್ತಿನ ದೊಡ್ಡ ಕ್ರೇನ್ ಕಂಪನಿಗಳದ್ದಾಗಿ ಪ್ರತಿವರ್ಷ ಬರುವ ಐಸಿ50 ಪಟ್ಟಿ ಪ್ರತಿ ಕ್ರೇನಿನ ಗರಿಷ್ಠ ಲೋಡ್ ಮೊಮೆಂಟನ್ನು (ಎತ್ತುವ ತೂಕವನ್ನು ಅದು ಇರುವ ದೂರದಿಂದ ಗುಣಿಸಿದ ಲೆಕ್ಕ) ಟನ್-ಮೀಟರ್‌ನಲ್ಲಿ ಕೂಡಿಸುತ್ತದೆ. ಐವತ್ತು ಸಣ್ಣ ಕ್ರೇನ್ ಇರುವವರಿಗಿಂತ ಹತ್ತು ದೊಡ್ಡವು ಇರುವವರು ಅದರಲ್ಲಿ ಮೇಲಿರಬಹುದು, ಅದೇ ನ್ಯಾಯವಾದ ಲೆಕ್ಕ.

ಒಂದೆರಡು ಕ್ರೇನ್ ಇಟ್ಟುಕೊಂಡ ಸಣ್ಣ ಮಾಲೀಕರ ವಿಷಯದಲ್ಲಿ ಕೈ ಹಿಡಿತ ಇರಲಿ. ಅವರ ಮನೆ ವಿಳಾಸ, ಬೂಮ್ ಮೇಲೆ ಬರೆಸಿದ ಮೊಬೈಲ್ ನಂಬರ್, ಆಪರೇಟರ್ ಮುಖ, ಇವು ಯಾವುವೂ ಹಂಚುವ ಫೋಟೊದಲ್ಲಿ ಇರಬಾರದು. ‘ಓಡಿಸಿ’ (ODC, ಅಂದರೆ ಮಿತಿ ಮೀರಿದ ಗಾತ್ರದ ಸರಕು) ಬೋರ್ಡ್ ಹಾಕಿಕೊಂಡು ರಸ್ತೆಯಲ್ಲಿರುವ ಸಾಗಣೆಯ ಫೋಟೊವನ್ನು ಅದು ತಲುಪುವವರೆಗೆ ಹಂಚಬೇಡಿ.

ದಾಖಲೆಯ ಸಾಲು

ಒಂದು ಸಲ ಕಂಡರೆ ಒಂದು ಸಾಲು. ಹಳೆಯ ಸಾಲನ್ನು ಎಂದೂ ತಿದ್ದಬೇಡಿ, ಹೊಸದು ಸೇರಿಸಿ. ಕಾಲಂಗಳು ಹೀಗಿರಲಿ: ದಿನಾಂಕ ಮತ್ತು ಸಮಯ; ಊರು, ತಾಲ್ಲೂಕು, ಹತ್ತಿರದ ಕಿಲೋಮೀಟರ್ ಕಲ್ಲು; ತಯಾರಕ ಮತ್ತು ಪೂರ್ತಿ ಮಾದರಿ; ಆಕ್ಸಲ್ ಅಥವಾ ಚೈನ್; ಬೂಮ್, ಜಿಬ್, ಡೆರಿಕ್ ಜೋಡಣೆ; ಸೀರಿಯಲ್; ನೋಂದಣಿ; ಫ್ಲೀಟ್ ನಂಬರ್; ಬರೆದಿರುವ ಹೆಸರು; ಹಿಂದಿನ ಗುರುತು; ಮಾಲೀಕರು ಮತ್ತು ಅದಕ್ಕೆ ಆಧಾರ; ಫೋಟೊ ಸಂಖ್ಯೆ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಓದಲಾಗದ ಅಕ್ಷರಕ್ಕೆ ಪ್ರಶ್ನೆ ಚಿಹ್ನೆ ಹಾಕಿ, 8 ಇರಬೇಕು ಎಂದುಕೊಂಡು 8 ಬರೆಯಬೇಡಿ. ಧೂಳು ಹಿಡಿದ ಫಲಕದಲ್ಲಿ 3, 6, 8 ಒಂದೇ ಥರ ಕಾಣುತ್ತವೆ.

ಎರಡು ಸಾಲು ಒಂದೇ ಕ್ರೇನ್ ಎಂದು ಸೇರಿಸಲು ಸೀರಿಯಲ್ ಒಂದೇ ಸಾಕು. ಅದಿಲ್ಲದಿದ್ದರೆ ಕನಿಷ್ಠ ಎರಡು ಬೇರೆ ಗುರುತು ಹೊಂದಬೇಕು: ನೋಂದಣಿ ಮತ್ತು ಫ್ಲೀಟ್ ನಂಬರ್, ಅಥವಾ ಫ್ಲೀಟ್ ನಂಬರ್ ಮತ್ತು ಕ್ಯಾಬಿನ್ ಪಕ್ಕದ ಅದೇ ತಗ್ಗು, ಅದೇ ವೆಲ್ಡಿಂಗ್ ತೇಪೆ. ಬಣ್ಣ ಮತ್ತು ಮಾದರಿ ಮಾತ್ರ ಹೊಂದಿದರೆ ಸೇರಿಸಬೇಡಿ, ಒಬ್ಬರೇ ಮಾಲೀಕರ ಬಳಿ ಅದೇ ಮಾದರಿಯ ನಾಲ್ಕು ಇರಬಹುದು.

ಹೊಲ ಖಾಲಿಯಾಗಿ, ಚೈನ್ ತುಳಿದ ಗುರುತು ಮಾತ್ರ ಉಳಿದ ದಿನ ‘ಹೋಗಿದೆ’ ಎಂದು ಒಂದು ಸಾಲು ಬರೆದು, ಕೊನೆಗೆ ಕಂಡ ದಿನಾಂಕ ಹಾಕಿ. ‘ಮಾರಾಟವಾಗಿದೆ’, ‘ಗುಜರಾತಿಗೆ ಹೋಗಿದೆ’ ಎಂದು ಚಹಾ ಅಂಗಡಿಯಲ್ಲಿ ಕೇಳಿದ್ದು ಟಿಪ್ಪಣಿಗೆ ಹೋಗಲಿ, ಮಾಲೀಕರ ಕಾಲಂಗೆ ಬೇಡ. ಎರಡು ವರ್ಷ ಎಲ್ಲೂ ಕಾಣದಿದ್ದರೆ ‘ಜಾಡಿಲ್ಲ’ ಎಂದು ಗುರುತು ಹಾಕಿ, ಸಾಲನ್ನು ಅಳಿಸದೆ ಹಾಗೇ ಬಿಡಿ. ಮತ್ತೆ ಎಲ್ಲೋ ಬೇರೆ ಬಣ್ಣ ಬಳಿದುಕೊಂಡು ಬಂದಾಗ ಅದನ್ನು ಹಿಡಿದುಕೊಡುವುದು ಆ ಹಳೆಯ ಸಾಲಿನ ಸೀರಿಯಲ್ ನಂಬರೇ.