ಹೀಚು ಉದುರಿದರೆ ಗೊಬ್ಬರ ಸುರಿಯಬೇಡಿ

"ಬಳ್ಳಿ ತುಂಬ ಹೂವು ಆಂಟಿ, ಒಂದೂ ಕಾಯಿ ನಿಲ್ತಿಲ್ಲ" ಅಂತ ಪಕ್ಕದ ಮನೆ ಹುಡುಗಿ ತಾರಸಿಯ ಸಿಹಿಗುಂಬಳ ತೋರಿಸಿದಳು. ಹೆಬ್ಬೆರಳು ಗಾತ್ರದ ಹೀಚುಗಳು ಹಳದಿಗಟ್ಟಿ ಉದುರುತ್ತಿದ್ದವು. ಅವಳಾಗಲೇ ಎರಡು ಸಲ ಗೊಬ್ಬರ ಹಾಕಿದ್ದಳು, ಪಾಪ. ಮೂರನೇ ಮಹಡಿಗೆ ಜೇನು ಬರದಿದ್ದರೆ ಗೊಬ್ಬರ ಏನು ಮಾಡೀತು? ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಜೇನಿನ ಕೆಲಸ ನಾವೇ ಮಾಡಬೇಕು.

ಉದ್ದ ತೊಟ್ಟಿನ ತುದಿಗೆ ಬರೀ ಹೂವಿದ್ದರೆ ಗಂಡು. ಬುಡದಲ್ಲಿ ಗೋಲಿಯಂಥ ಕುಂಬಳ ಇದ್ದರೆ ಹೆಣ್ಣು. ಶುರುವಿನಲ್ಲಿ ಗಂಡು ಹೂವೇ ಬರುವುದು, ಗಾಬರಿ ಬೇಡ, ಬಜ್ಜಿ ಮಾಡಿ.

ಬೆಳಿಗ್ಗೆ ಕಾಫಿಗೂ ಮುಂಚೆ ಹೋಗಿ. ಬಿಸಿಲೇರಿ ಹೂ ಮುದುಡಿತೋ, ಅವತ್ತಿನ ಕೆಲಸ ಕೆಟ್ಟಿತು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ನೀರು ತಾಗಿದರೆ ಪರಾಗ ಹಾಳು. ಆ ಹೊತ್ತಿನಲ್ಲಿ ನೀರನ್ನೂ ಬುಡಕ್ಕಷ್ಟೇ ಹಾಕಿ. ಗಂಡು ಹೂ ಕಿತ್ತು ಎಸಳೆಲ್ಲ ಬಿಡಿಸಿದರೆ ನಡುವೆ ಅರಿಸಿನ ಮೆತ್ತಿದಂಥ ಕಡ್ಡಿ ಉಳಿಯುತ್ತದೆ. ಅದೇ ನಿಮ್ಮ ಬ್ರಷ್ಷು. ಹೆಣ್ಣು ಹೂವಿನೊಳಗಿನ ಗಂಟಿಗೆ ಮೂರು ಹೋಳು, ಮೂರಕ್ಕೂ ಸವರಿ. ಒಂದು ಕಡೆ ಬಿಟ್ಟರೆ ಕಾಯಿ ಸೊಟ್ಟಗಾಗುತ್ತದೆ. ತಿಕ್ಕಬೇಡಿ, ಕೂಸಿನ ಹಣೆಗೆ ಬೊಟ್ಟಿಡುವಷ್ಟು ಮೃದುವಾಗಿರಲಿ.

ಸೌತೆ, ಹಾಗಲವೂ ಬೆಳಗಿನವೇ. ಸೋರೆ, ಹೀರೆ, ಪಡವಲ ಮಾತ್ರ ದೀಪ ಹಚ್ಚುವ ಹೊತ್ತಿಗೆ ಅರಳುತ್ತವೆ. ಮಬ್ಬುಗತ್ತಲಲ್ಲಿ ಸ್ಟೂಲ್ ಹತ್ತಿ ಪಡವಲದ ಹೂ ಮುಟ್ಟಲು ಹೋಗಿ ನಾನು ಕಾಲು ಉಳುಕಿಸಿಕೊಂಡು ಹದಿನೈದು ದಿನ ಕುಂಟಿದ್ದೇನೆ. ಈಗ ಚಪ್ಪರವನ್ನೇ ಕೈಗೆಟುಕುವಷ್ಟು ತಗ್ಗಿಸಿದ್ದೇನೆ. ಅರಳಿದ ಹೂವಿನ ಮೇಲೆ ಬೇವಿನೆಣ್ಣೆಯನ್ನೂ ಸಿಂಪಡಿಸಬೇಡಿ. ಅಪ್ಪಿತಪ್ಪಿ ಬಂದ ಜೇನಿಗೆ ಕೇಡು.

ಬೀಜಕ್ಕೆ ಬಿಡುವ ಕಾಯಿಯಾದರೆ, ಮಾರನೇ ದಿನ ಅರಳುವ ಗಂಡು, ಹೆಣ್ಣು ಎರಡೂ ಮೊಗ್ಗಿಗೆ ಹಳೇ ಪಂಚೆಯ ತೆಳು ಬಟ್ಟೆ ಸುತ್ತಿ ದಾರ ಕಟ್ಟಿ. ಹೂ ಮುಟ್ಟಿಸಿದ ಮೇಲೆ ಹೆಣ್ಣಿಗೆ ಮತ್ತೆ ಬಟ್ಟೆ, ತೊಟ್ಟಿಗೆ ಕೆಂಪು ದಾರದ ಗುರುತು. ಹೀರೆಯ ಪಕ್ಕ ತುಪ್ಪದ ಹೀರೆ ಇದ್ದರೆ ಇದು ಬೇಕೇ ಬೇಕು. ಈ ಸಲದ ಕಾಯಿಯ ರುಚಿಗೆ ಏನೂ ಆಗದು, ಬೀಜ ಕಲಬೆರಕೆಯಾಗುತ್ತದೆ ಅಷ್ಟೆ. ಸೋರೆಕಾಯಿ ಮಾತ್ರ ಕಹಿ ಅನ್ನಿಸಿದರೆ ಉಗಿದು, ಇಡೀ ಕಾಯಿ ಎಸೆಯಿರಿ; ಅದು ವಿಷ, ಬೇಯಿಸಿದರೂ ಹೋಗದು.

ಮೂರ್ನಾಲ್ಕು ದಿನದಲ್ಲಿ ಹೀಚು ಹಸಿರಾಗಿಯೇ ಉಬ್ಬಿದರೆ ಕಾಯಿ ಕಚ್ಚಿದೆ ಎಂದರ್ಥ. ಕಾದ ಸಿಮೆಂಟಿಗೆ ತಾಗದ ಹಾಗೆ ಅಡಿಗೆ ಒಂದಿಷ್ಟು ತೆಂಗಿನ ನಾರು ಇಡಿ.